ಮಗ್ಗದ ಮೇಲೆ ಕೊಟ್ಟ ಉತ್ತರ

ಸಭೆ ಮಧ್ಯಾಹ್ನಕ್ಕಿದ್ದರೂ ಸುಲೋಚನಮ್ಮ ಬೆಳಿಗ್ಗೆಯೇ ಒಂದು ಸೀರೆ ಉಟ್ಟು, ಬಿಚ್ಚಿ, ಇನ್ನೊಂದನ್ನು ಉಟ್ಟಳು. ಮೊದಲಿನದು ಮೊಳಕಾಲ್ಮೂರಿನ ರೇಷ್ಮೆ. ಅದನ್ನುಟ್ಟು ಹೋದರೆ ನೇಕಾರರ ಕಡೆಯ ವಕೀಲಳಾಗಿ ಬಂದಿದ್ದಾಳೆಂದು ಬಾಗಿಲಲ್ಲೇ ತೀರ್ಮಾನವಾಗಿಬಿಡುತ್ತದೆ. ಎರಡನೆಯದು ಬೂದು ಬಣ್ಣದ ಹತ್ತಿ ಸೀರೆ. ಅದರಲ್ಲಿ ಕನ್ನಡಿಯ ಮುಂದೆ ನಿಂತಾಗ, ಯಾರ ಕಡೆಯವಳೂ ಅಲ್ಲವೆಂದು ತೋರಿಸಿಕೊಳ್ಳಲು ಹೊರಟ ಹೆಂಗಸೊಬ್ಬಳ ಮುಖ ಕಂಡಿತು. ಆ ಮುಖ ಇನ್ನೂ ಹೇಸಿಗೆಯೆನ್ನಿಸಿತು. ಆದರೂ ಬದಲಾಯಿಸಲಿಲ್ಲ. ದೇವರ ಗೂಡಿನ ಮುಂದೆ ಕುಳಿತು ದೀಪ ಹಚ್ಚಿ, ನುಂಕೆಮಲೆ ಸಿದ್ಧೇಶ್ವರನ ಪಟಕ್ಕೆ ಕೈಮುಗಿದು, "ಸ್ವಾಮಿ, ನಾನು ಹೇಳೋದು ನಿಜವಾಗಿದ್ರೆ ನಿಲ್ಲಿಸು. ಬರೀ ನನ್ನ ಆಸೆಯಾಗಿದ್ರೆ ಎಲ್ಲರ ಮುಂದೆ ಬೀಳಿಸು," ಎಂದಳು. ಹೇಳಿದ ಮೇಲೆ ಭಯವಾಯಿತು. ದೇವರು ಇಂಥ ಮಾತನ್ನು ಮಾತಾಗಿಯೇ ತೆಗೆದುಕೊಳ್ಳುತ್ತಾನೆಂದು ಅವಳು ಚಿಕ್ಕಂದಿನಿಂದ ನಂಬಿದ್ದಳು.

ಇವತ್ತು ತೀರ್ಮಾನವಾಗಬೇಕಾದದ್ದು ಒಂದು ಗಾಡಿಯ ವಿಷಯ. ಚಳ್ಳಕೆರೆಯ ಕೆಲವು ಎಣ್ಣೆ ಗಿರಣಿ ಮಾಲೀಕರು ಸೇರಿ ನಡೆಸುವ ಧರ್ಮಸಂಸ್ಥೆಯ ಚಿಕಿತ್ಸಾ ಗಾಡಿ ಅದು. ಕಣ್ಣಿನ ಡಾಕ್ಟರೊಬ್ಬರು, ಸೊಂಟ ಮಂಡಿ ತಿಕ್ಕಿ ನೇರ ಮಾಡುವ ಒಬ್ಬರು, ಒಂದಷ್ಟು ಔಷಧಿ. ಗುರುವಾರ ಗುರುವಾರ ಮೊಳಕಾಲ್ಮೂರಿನ ನೇಕಾರರ ಬೀದಿಯ ತುದಿಯಲ್ಲಿ ನಿಲ್ಲುತ್ತಿತ್ತು. ಗಾಡಿ ಇರುವುದು ಒಂದೇ, ಕೇಳುವ ಊರುಗಳು ಹಲವು. ಯಾರಿಗೆ ಹೆಚ್ಚು ಬೇಕೆಂದು ಕಂಡುಹಿಡಿಯಲು ಎರಡು ತಾಲ್ಲೂಕಿನ ಮನೆಮನೆಗೂ ಹೋಗಿ ಆರೋಗ್ಯ ಹೇಗಿದೆಯೆಂದು ಕೇಳಿಬರುವ ಸಮೀಕ್ಷೆ ನಡೆಯಿತು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದ ಸುಲೋಚನಮ್ಮನಿಗೆ ಅದರ ಹೊಣೆ ಬಂತು. ಉತ್ತರಗಳು ಬಂದವು. ನೇಕಾರರ ಬೀದಿ ಎಲ್ಲಕ್ಕಿಂತ ಆರೋಗ್ಯವಾಗಿದೆಯೆಂದು ಉತ್ತರಗಳು ಹೇಳಿದವು. ಆ ಬೀದಿಯಲ್ಲಿ ಹುಟ್ಟಿ ಬೆಳೆದವಳು ತಾನು. ಬಾಗಿದ ಬೆನ್ನುಗಳ ನಡುವೆಯೇ ಆಡಿ ದೊಡ್ಡವಳಾದವಳು. ಅವಳ ಕೈಯಿಂದಲೇ ಆ ಬೀದಿಯ ಗಾಡಿ ಕುರಿಗಾಹಿಗಳ ಊರಾದ ದೇವಸಮುದ್ರದ ಕಡೆಗೆ ಹೊರಟು ನಿಂತಿತ್ತು.

ದೀಪದ ಬತ್ತಿ ಸರಿಮಾಡುವಾಗ ಅಕ್ಕನ ಬೆರಳು ನೆನಪಾಯಿತು. ದುರುಗಕ್ಕ ಕಡಿದ ಎಳೆಯನ್ನು ಗಂಟುಹಾಕುವಾಗ ಬೆರಳುಗಳು ಹೀಗೆಯೇ ಕೂಡುತ್ತಿದ್ದವು, ಕಣ್ಣು ಬೇರೆಲ್ಲೋ ಇರುತ್ತಿತ್ತು. ಅಪ್ಪ ಸತ್ತ ಮೇಲೆ ಮಗ್ಗಕ್ಕೆ ಕೂತವಳು ಅವಳು. ತಂಗಿ ಮಗ್ಗದ ಕೆಳಗಿನ ಗುಣಿಯೊಳಗೆ ಕಾಲಿಳಿಬಿಡಲು ಹೋದರೆ ಲಾಳಿಯಿಂದಲೇ ಮೊಣಕಾಲಿಗೆ ಒಂದು ಕೊಟ್ಟು, "ಎದ್ದೋಗು, ಓದ್ಕೊ ಹೋಗು," ಎನ್ನುತ್ತಿದ್ದಳು. ಸುಲೋಚನಮ್ಮ ಓದಿದಳು. ಮಗ್ಗದ ಮೇಲೆ ಒಂದು ದಿನವೂ ಕೂರಲಿಲ್ಲ. ಸಮೀಕ್ಷೆಯ ಮೊದಲ ವಾರ, ಕೇಳುವ ಹುಡುಗಿಯರಿಗೆ ಮೇಲ್ಪಂಕ್ತಿ ಹಾಕಿಕೊಡಲೆಂದು, ತಾನೇ ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತು ಪರಕೀಯಳ ದನಿ ಮಾಡಿಕೊಂಡು ಕೇಳಿದ್ದಳು: "ನಿಮ್ಮ ಆರೋಗ್ಯ ಹೇಗಿದೆ ಅಂತ ಹೇಳ್ತೀರಿ?" ಅಕ್ಕ ಲಾಳಿ ನಿಲ್ಲಿಸದೆ ನಕ್ಕಿದ್ದಳು. "ನೋಡ್ರೇ ಇವಳ್ನ, ನೀವು ತಾವು ಅಂತಾಳೆ. ಚೆನ್ನಾಗೈತೆ ಅಂತ ಹಾಕ್ಕೋ ಹೋಗೇ." ಚೆನ್ನಾಗಿದೆ ಎಂದು ಹಾಕಿಕೊಂಡು ಎದ್ದುಬಂದಳು. ಮಳೆಗಾಲ ಕಳೆಯುವುದರೊಳಗೆ ದುರುಗಕ್ಕ ತೀರಿಕೊಂಡಳು. ಬೆನ್ನುಮೂಳೆಯೊಳಗೆ ಗಡ್ಡೆ. ವರ್ಷಕ್ಕೂ ಮುಂಚಿನಿಂದ ನೋವಿರಲೇಬೇಕು, ನಿಮಗೆ ಯಾರಿಗೂ ಹೇಳಲಿಲ್ಲವೇ ಎಂದು ಡಾಕ್ಟರು ಕೇಳಿದರು. ಹೇಳಿದ್ದಳು. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು.

ಅಡುಗೆಮನೆಗೆ ಹೋಗಿ ಏಕೆ ಬಂದೆನೆಂದು ಮರೆತು ನಿಂತಳು. ಲೆಕ್ಕದಲ್ಲಿ ತಪ್ಪಿರಲಿಲ್ಲ ಎನ್ನುವುದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿದ್ದು. ಸಂಸ್ಥೆಯವರು ಮೊದಲು ಮಾಡಲು ಹೊರಟದ್ದು ಸುಲಭದ ಲೆಕ್ಕ. ತುಂಬ ಚೆನ್ನಾಗಿದೆ ಅಂದರೆ ಐದು, ಚೆನ್ನಾಗಿದೆ ಅಂದರೆ ನಾಲ್ಕು, ಪರವಾಗಿಲ್ಲ, ಚೆನ್ನಾಗಿಲ್ಲ, ತೀರಾ ಕೆಟ್ಟಿದೆ, ಹೀಗೆ ಇಳಿಯುತ್ತ ಒಂದು. ಕೂಡಿಸಿ ಭಾಗಿಸಿದರೆ ಊರಿನ ಸರಾಸರಿ. ಅದನ್ನು ಅವಳು ಒಪ್ಪಿರಲಿಲ್ಲ. ಪರವಾಗಿಲ್ಲ ಎನ್ನುವುದರಿಂದ ಚೆನ್ನಾಗಿಲ್ಲ ಎನ್ನುವುದಕ್ಕೆ ಇಳಿಯುವ ದಾರಿ ಎಷ್ಟು ಉದ್ದವೆಂದು ಯಾರು ಅಳೆದಿದ್ದಾರೆ? ಈ ಮಾತುಗಳಿಗೆ ಕ್ರಮವಿದೆ, ಅಂತರ ಗೊತ್ತಿಲ್ಲ. ಮನುಷ್ಯನ ಸೌಖ್ಯ ಒಂದು ಕಡಿಯದ ಎಳೆ. ನಾವು ಅದನ್ನು ಎಲ್ಲೆಲ್ಲೋ ತುಂಡು ಮಾಡಿ ಐದು ಹೆಸರಿಡುತ್ತೇವೆ. ಎಲ್ಲಿ ತುಂಡಾಗುತ್ತದೆಂಬುದನ್ನೂ ಉತ್ತರಗಳಿಂದಲೇ ತಿಳಿಯಬೇಕು. ತಿಳಿಯುವ ಮೊದಲು ನಮಗೇನು ಅನ್ನಿಸಿತ್ತೋ ಅದನ್ನು ಬಚ್ಚಿಡದೆ ಮೊದಲೇ ಹೇಳಿ, ಉತ್ತರ ಬಂದ ಹಾಗೆಲ್ಲ ಆ ಅನ್ನಿಸಿಕೆಯನ್ನು ತಿದ್ದಿಕೊಳ್ಳುತ್ತ ಹೋಗಬೇಕು. ಕೊನೆಗೆ ಸಿಗುವುದು ಒಂದು ಚುಕ್ಕೆಯಲ್ಲ, ಇಷ್ಟರಿಂದ ಇಷ್ಟರೊಳಗೆ ಎಂಬ ಒಂದು ಅಗಲ. ಬೇಸ್ ಎಂಬವನ ಹೆಸರಿನ ಈ ದಾರಿಯನ್ನು ಅವಳು ನಿವೃತ್ತಿಗೆ ಸ್ವಲ್ಪ ಮುಂಚೆ ಕಲಿತು, ಅದು ತನ್ನ ಸ್ವಭಾವಕ್ಕೆ ಒಗ್ಗಿದ್ದನ್ನು ಕಂಡು ಬೆರಗಾಗಿದ್ದಳು. ಚುಕ್ಕೆ ಬಲ್ಲವನು ಪರಮಾತ್ಮ. ನಮಗೆ ಅಗಲ ಕೊಟ್ಟಿದ್ದಾನೆ.

ಇಷ್ಟೆಲ್ಲ ಹೋರಾಡಿ ಆ ದಾರಿಯಲ್ಲಿ ಲೆಕ್ಕ ಮಾಡಿದರೆ, ಅದೂ ನೇಕಾರರೇ ಎಲ್ಲರಿಗಿಂತ ಆರೋಗ್ಯವಂತರೆಂದಿತು. ಕಂಪ್ಯೂಟರಿನ ಕೆಲಸ ನೋಡಿಕೊಳ್ಳುವ ಮುಬಷೀರ್ ಅವಳ ಹಳೆಯ ವಿದ್ಯಾರ್ಥಿ. ಅಪ್ಪನ ಗ್ಯಾರೇಜು ಬಿಟ್ಟು ಈ ಕೆಲಸಕ್ಕೆ ಬಂದವನು. ಪರದೆಯನ್ನು ಅವಳ ಕಡೆ ತಿರುಗಿಸಿ, ಕೆಟ್ಟ ಸುದ್ದಿ ಹೇಳುವ ಮೆಕ್ಯಾನಿಕ್ಕಿನ ಮುಖ ಮಾಡಿದ್ದ. "ಮೇಡಂ, ಇಂಜಿನ್ ಹೊಸಾದು ಹಾಕಿದ್ವಿ, ಗಾಡಿ ಹಳೇ ದಾರೀಲೇ ಓಡ್ತೈತೆ." ಆ ತಿಂಗಳ ಸಭೆಯಲ್ಲಿ ಸಂಸ್ಥೆಯ ಅಧ್ಯಕ್ಷರಾದ ಮಲ್ಲಿಕಾರ್ಜುನಪ್ಪನವರು, "ನಮ್ಮ ಗುಮಾಸ್ತನ ಸರಾಸರಿ ಹೇಳಿದ್ದನ್ನೇ ಮೇಡಮ್ಮೋರ ದೊಡ್ಡ ಲೆಕ್ಕಾನೂ ಹೇಳ್ತು ಅನ್ನಿ. ದುಡ್ಡು ಖರ್ಚಾದ್ರೂ ಮನಸ್ಸಿಗೆ ಸಮಾಧಾನ," ಎಂದಾಗ ಎಲ್ಲರೂ ನಕ್ಕರು. ಚಹಾ ತಂದವನು ಅವಳೊಬ್ಬಳನ್ನು ದಾಟಿ ಮುಂದೆ ಹೋದ. ಅವನಿಗೆ ಮರೆತಿರಬಹುದು. ಆದರೆ ಖಾಲಿ ಕೈಯನ್ನು ಮೇಜಿನ ಮೇಲಿಂದ ಹಿಂದಕ್ಕೆ ತೆಗೆದುಕೊಂಡ ಆ ಕ್ಷಣ, ಇಂದಿಗೂ ಅನ್ನ ಕಲಸುವಾಗ ಬಂದು ಕೂರುತ್ತದೆ.

ಆ ಸಭೆಯಿಂದ ಅವಳು ನೇರ ಮೊಳಕಾಲ್ಮೂರಿನ ಬಸ್ಸು ಹತ್ತಿದ್ದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ತಳಕು ದಾಟಿದ ಮೇಲೆ ಕಲ್ಲುಗುಡ್ಡಗಳು, ಮುಳ್ಳುಜಾಲಿ, ಕಿತ್ತ ಶೇಂಗಾ ಹೊಲಗಳು. ಅಕ್ಕನ ಮನೆಯಲ್ಲಿ ಅಕ್ಕನ ಮಗಳು ತೇಜಶ್ರೀ ಮಗ್ಗದ ಮೇಲಿದ್ದಳು. ಯಾರದೋ ಮದುವೆಗೆ ಧಾರೆ ಸೀರೆ. ಸೆರಗಿನ ಹತ್ತಿರ ಬಂದಿತ್ತು. ಅಕ್ಕ ಕೂರುತ್ತಿದ್ದ ಜಾಗದಲ್ಲಿ ಅಕ್ಕನ ಹಾಗೆಯೇ ಬಲಕ್ಕೆ ವಾಲಿಕೊಂಡು ಕೂತಿದ್ದ ಹುಡುಗಿಯನ್ನು ಕಂಡು ಸುಲೋಚನಮ್ಮ ಹೊಸ್ತಿಲಲ್ಲೇ ನಿಂತಳು. "ಸೊಂಟ ನೋವೇನೇ?" ಎಂದಳು. "ಇಲ್ಲ ಚಿಕ್ಕವ್ವ, ಚೆನ್ನಾಗಿದೀನಿ," ಎಂದಳು ತೇಜಶ್ರೀ, ಲಾಳಿ ಆ ಕಡೆಯಿಂದ ಈ ಕಡೆಗೆ ಹಾರಿತು. ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು, ಎರಡು ಕೈಯನ್ನೂ ನೆಲಕ್ಕೂರಿ ಗುಣಿಯಿಂದ ಮೇಲೆ ಬಂದು, ಮಗ್ಗಕ್ಕೆ ಕೈಮುಗಿದು, ಹೊರಗಿನ ಜಗಲಿಯ ಮೇಲೆ ಕೂತಳು. ಕೂತವಳೇ, "ಅಯ್ಯಪ್ಪಾ, ಬಿದ್ದೋಗೈತೆ ಚಿಕ್ಕವ್ವ ಸೊಂಟ. ರಾತ್ರಿ ಮಗ್ಗುಲು ಬದಲಾಯಿಸಕಾಗಲ್ಲ," ಎಂದಳು.

"ಈಗ್ತಾನೆ ಚೆನ್ನಾಗಿದೀನಿ ಅಂದ್ಯಲ್ಲೇ?"

"ಅಲ್ಲಿ ಕೂತು ಹಂಗನ್ನಬಾರ್ದು."

"ಎಲ್ಲಿ ಕೂತು?"

ತೇಜಶ್ರೀ ಚಿಕ್ಕಮ್ಮನನ್ನು ವಿಚಿತ್ರವಾಗಿ ನೋಡಿದಳು, ಎಡಗೈಯಲ್ಲಿ ಊಟ ಮಾಡಹೊರಟವರನ್ನು ನೋಡುವ ಹಾಗೆ. "ಮಗ್ಗದ ಮೇಲೆ ಚಿಕ್ಕವ್ವ. ಯಾವ ಮನೆ ಹೆಣ್ಣೋ ಉಡ್ತಾಳೆ. ನೋವು, ಸಂಕಟ, ಆಗಲ್ಲ, ಇಂಥ ಮಾತು ಆಡಿದ್ರೆ ಸೀರೆಗೆ ಹತ್ತಲ್ವಾ? ಅವ್ವ ಲಾಳಿ ಕೈಗೆ ಕೊಟ್ಟ ದಿನಾನೇ ಹೇಳಿದ್ಲು. ನಿಂಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಲಾಳಿ ಕೈಗೆ ಕೊಟ್ಟಿದ್ದರೆ ತಾನೇ ಹೇಳುವುದು. ಸುಲೋಚನಮ್ಮ ಜಗಲಿಯ ಕಂಬ ಹಿಡಿದುಕೊಂಡು ಕೂತಳು. ಕೇಳುವ ಹುಡುಗಿಯರಿಗೆ ತರಬೇತಿ ಕೊಡುವಾಗ ತಾನು ಏನು ಹೇಳಿದ್ದೆನೆಂಬುದು ನೆನಪಾಯಿತು. ನೇಕಾರರನ್ನು ಮಗ್ಗದಿಂದ ಎಬ್ಬಿಸಬೇಡಿ, ಅವರ ಕೂಲಿ ಹೋಗುತ್ತದೆ, ಕೂತಲ್ಲೇ ಕೇಳಿ. ಎಷ್ಟು ಹೆಮ್ಮೆಯಿಂದ ಹೇಳಿದ್ದಳು! ಹೊರಗಿನವರಿಗೆ ಇದು ತಿಳಿಯುವುದಿಲ್ಲ, ನಾನು ಆ ಬೀದಿಯವಳು ಎಂದೂ ಸೇರಿಸಿದ್ದಳು. ಹೊರಗಿನವರಾಗಿದ್ದರೆ ಅವರನ್ನು ಹೊರಗೆ ಕರೆದು ಕೂರಿಸಿ ಕೇಳುತ್ತಿದ್ದರು, ನಿಜ ಸಿಗುತ್ತಿತ್ತು. ಇಡೀ ಬೀದಿ ಒಬ್ಬ ಕಾಣದ ಮದುಮಗಳಿಗೆ ಹರಸಿದ್ದನ್ನು ಅವಳು ಆರೋಗ್ಯವೆಂದು ಬರೆದುಕೊಂಡು ಬಂದಿದ್ದಳು. ಅಕ್ಕ ಅಷ್ಟು ನೋವಿನಲ್ಲಿ ನಗುತ್ತ ಕೊಟ್ಟದ್ದೂ ಅದೇ. ತಂಗಿಗೆ ಕೊಟ್ಟ ಉತ್ತರವಲ್ಲ ಅದು, ಸೀರೆಗೆ ಕೊಟ್ಟದ್ದು. ಕಂಬದ ತಂಪು ಕೆನ್ನೆಗೆ ತಗುಲುತ್ತಿತ್ತು. ಒಳಗೆ ಬಂದದ್ದು ದುಃಖವೋ ಸಂತೋಷವೋ ತಿಳಿಯದೆ, ತನಗೆ ಸಂತೋಷವಾಗುತ್ತಿದೆಯಲ್ಲ ಎಂದು ನಾಚಿಕೆಪಟ್ಟಳು.

ಮತ್ತೊಮ್ಮೆ ಕೇಳಿಬರಲು ಅನುಮತಿ ಬೇಕಿತ್ತು. ಮಲ್ಲಿಕಾರ್ಜುನಪ್ಪನವರು ಗಿರಣಿಯ ಅಂಗಳದಲ್ಲಿ ಶೇಂಗಾ ಚೀಲಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿಸಿಕೊಂಡು, "ಮಗ್ಗದ ಮೇಲೆ ಕೂತ್ರೇನು, ಮಂಚದ ಮೇಲೆ ಕೂತ್ರೇನು, ಸೊಂಟ ಒಂದೇ ಅಲ್ವೇನಮ್ಮ? ಇರೋದು ಇದ್ದಂಗೆ ಹೇಳ್ತಾರೆ. ಕೇಳ್ಕೊಂಡ್ ಬರ್ರಿ, ಬೇಡ ಅನ್ನಲ್ಲ. ನಿಮ್ಮ ಸಮಾಧಾನ," ಎಂದರು. ಸಮಾಧಾನ ಎಂಬ ಮಾತನ್ನು, ಹಟ ಮಾಡುವ ಮಗುವಿಗೆ ಬೆಲ್ಲ ಕೊಡುವ ಹಾಗೆ ಆಡಿದರು. ಅವಳು ತಲೆತಗ್ಗಿಸಿ ತೆಗೆದುಕೊಂಡು ಬಂದಳು.

ಅಮಾವಾಸ್ಯೆಯ ದಿನ ಮಗ್ಗಗಳಿಗೆ ಬಿಡುವು. ಆ ದಿನವನ್ನೇ ಆರಿಸಿದರು. ಬೀದಿಯ ಜನರೆಲ್ಲ ತಲೆಸ್ನಾನ ಮಾಡಿ ಜಗಲಿಗಳ ಮೇಲೆ ಕೂತಿದ್ದರು. ಅದೇ ಜನ, ಅದೇ ಪ್ರಶ್ನೆ, ಅದೇ ಐದು ಮಾತುಗಳು. ಎದುರು ಮನೆಯ ಬೋರಕ್ಕ, ಹೋದ ಸಲ ತುಂಬ ಚೆನ್ನಾಗಿದೆ ಎಂದಿದ್ದವಳು, ಈ ಸಲ ಹುಡುಗಿಯ ಕೈಯನ್ನೇ ಹಿಡಿದು ತನ್ನ ಮಂಡಿಯ ಮೇಲೆ ಇಟ್ಟು, "ನೀನೇ ನೋಡ್ಕೋ ತಲ್ಲೀ, ಒಳಗೆ ಕಲ್ಲು ಅರೆದಂಗೆ ಸದ್ದು ಬರ್ತೈತೆ. ತೀರಾ ಕೆಟ್ಟಿದೆ ಅನ್ನೋದಕ್ಕಿಂತ ಕೆಳಗೆ ಇನ್ನೊಂದು ಇಲ್ವಾ?" ಎಂದು ಕೇಳಿದಳಂತೆ. ಕಾಯಿಲೆ ಈ ನಡುವೆ ಹೆಚ್ಚಾಯಿತೆಂದು ಯಾರೂ ಅನ್ನಬಾರದೆಂದು, ಅದೇ ವಾರ ಅದೇ ಬೀದಿಯ ನೇಯದ ಮನೆಗಳಲ್ಲೂ, ದೇವಸಮುದ್ರದ ಕುರಿಗಾಹಿಗಳ ಮನೆಗಳಲ್ಲೂ ಎರಡನೆಯ ಸಲ ಕೇಳಿಸಿದಳು. ಅಲ್ಲೆಲ್ಲ ಉತ್ತರ ಹೆಚ್ಚುಕಡಿಮೆ ಮೊದಲಿದ್ದ ಹಾಗೇ ಬಂತು.

ಇನ್ನು ಲೆಕ್ಕದ ಮೊದಲು ನಂಬಿಕೆ ಹೇಳಬೇಕಿತ್ತು. ಅದೇ ನೋವಿಗೆ ಮಗ್ಗದ ಮೇಲೆ ಬೇರೆ ಮಾತು ಬರುವುದಾದರೆ, ಮಾತುಗಳು ತುಂಡಾಗುವ ಜಾಗ ಅಲ್ಲಿ ಎಷ್ಟು ಸರಿಯುತ್ತದೆಂದು ನಮಗನ್ನಿಸುತ್ತದೆ? ಮುಬಷೀರ್ ಕೀಲಿಗಳ ಮೇಲೆ ಬೆರಳಿಟ್ಟು ಕಾಯುತ್ತಿದ್ದ. "ತುಂಬಾ ಸರಿತೈತೆ ಅಂತ ಹಾಕಣ ಮೇಡಂ. ನಮ್ಮ ಅಮ್ಮೀನೇ ನೋಡ್ರಿ, ಶುಗರ್ರು ಬೀಪೀ ಎಲ್ಲಾ ಐತೆ, ಯಾರು ಕೇಳಿದ್ರೂ ಅಲ್ಲಾಕಾ ಶುಕ್ರ್ ಹೈ, ದೇವರು ಚೆನ್ನಾಗಿಟ್ಟಾನೆ ಅಂತಾರೆ. ಡಾಕ್ಟರ್ ಕೇಳಿದ್ರೂ ಅದೇ. ಡಾಕ್ಟರಿಗೆ ಸಿಟ್ಟು ಬರ್ತೈತೆ."

"ಬೇಡ," ಎಂದಳು. "ಸರಿಯೋದೇ ಇಲ್ಲ ಅಂತ ಹಾಕು."

"ಅದು ಆ ಅಧ್ಯಕ್ಷರ ಮಾತಲ್ವಾ?"

"ಅದನ್ನೇ ಹಾಕು. ಗಟ್ಟಿಯಾಗಿ ಹಾಕು. ಸುಲಭಕ್ಕೆ ಅಲುಗಾಡಬಾರ್ದು."

ಅವನು ಜಗಳವಾಡಿದ. ನಮಗೆ ಗೊತ್ತಿರುವುದನ್ನು ಗೊತ್ತಿಲ್ಲವೆಂದು ಹೇಳುವುದೂ ಸುಳ್ಳೇ ಅಲ್ಲವೇ ಎಂದ. ಅವಳು ಮಣಿಯಲಿಲ್ಲ. ಅವನಿಗೆ ಹೇಗೆ ವಿವರಿಸುವುದು? ಅವಳಿಗೆ ಬೇಕಿದ್ದ ಉತ್ತರ ಎಷ್ಟು ಬೇಕಿತ್ತೆಂದರೆ, ತನ್ನ ಕೈಯ ಮೇಲೆ ಅವಳಿಗೆ ವಿಶ್ವಾಸವಿರಲಿಲ್ಲ. ಅಕ್ಕ ಹೋದ ಮೇಲೆ ಕಂಡದ್ದೆಲ್ಲ ಅಕ್ಕನ ಬೆನ್ನಾಗಿ ಕಾಣುತ್ತಿತ್ತು. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತರ ಬೆನ್ನು ಕೂಡ. ಇಂಥ ಕಣ್ಣನ್ನು ತಕ್ಕಡಿಯ ತಟ್ಟೆಯಲ್ಲಿ ಹೇಗಿಡುವುದು? ತನ್ನ ವಿರುದ್ಧವೇ ಕಲ್ಲಿಟ್ಟು ತೂಗಬೇಕು. ಆಮೇಲೂ ತಟ್ಟೆ ಇಳಿದರೆ ಅದು ತನ್ನ ಭಾರವಲ್ಲ, ಬೀದಿಯದು.

ತಟ್ಟೆ ಇಳಿಯಿತು. ಮುಬಷೀರ್ ಪರದೆಯನ್ನು ಅವಳ ಕಡೆ ತಿರುಗಿಸಿದ. ಗಟ್ಟಿಯಾಗಿ ನೆಟ್ಟ ಆ ನಂಬಿಕೆ ಬುಡಸಹಿತ ಎದ್ದು ದೂರ ಹೋಗಿ ನಿಂತಿತ್ತು. ಎಲ್ಲರಿಗಿಂತ ಮೇಲಿದ್ದ ನೇಕಾರರ ಬೀದಿ ಎಲ್ಲರಿಗಿಂತ ಕೆಳಗೆ ಬಂದಿತ್ತು. ಅಗಲದಲ್ಲಿ ನೇಕಾರರ ನೋವನ್ನು ಅತಿ ಕಡಿಮೆ ತೋರಿಸುವ ತುದಿಯನ್ನು ಹಿಡಿದರೂ ದೇವಸಮುದ್ರಕ್ಕಿಂತ ಕೆಳಗೇ. ಆಮೇಲೆ ಅವನು ಕೇಳದೆಯೇ ಇನ್ನೊಂದು ಚಿತ್ರ ತೆರೆದ. ಒಬ್ಬೊಬ್ಬ ನೇಕಾರನ ಆರೋಗ್ಯ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ಒಂದೊಂದು ಗುಡ್ಡ. ಎರಡು ಸಲ ಉತ್ತರ ಕೊಟ್ಟವರದು ಕಿರಿದು, ಎತ್ತರ. ನಡುವೆ ಒಂದೇ ಒಂದು ಅಗಲವಾಗಿ, ತಗ್ಗಾಗಿ ಹಬ್ಬಿಕೊಂಡಿತ್ತು. ಒಂದೇ ಸಲ ಉತ್ತರ ಕೊಟ್ಟವಳದು. ಗುಡ್ಡದ ಬಹುಭಾಗ ನೋವಿನ ಕಡೆಗೆ ಒರಗಿತ್ತು. ತೆಳ್ಳನೆಯ ಒಂದು ಇಳಿಜಾರು ಮಾತ್ರ ಚೆನ್ನಾಗಿದೆಯ ಕಡೆಗೂ ಹೋಗಿತ್ತು. ಸುಲೋಚನಮ್ಮ ಅದನ್ನು ನೋಡುತ್ತ ಕೂತಳು. ಆ ಬೆಳಿಗ್ಗೆ ಅಕ್ಕ ನಿಜವಾಗಿಯೂ ಚೆನ್ನಾಗಿದ್ದಿರಬಹುದು, ತಂಗಿ ಬಂದು ಪಕ್ಕ ಕೂತಳೆಂದು. ಅದೂ ಈ ಅಗಲದೊಳಗಿನ ಮಾತೇ. ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ.

ಮಧ್ಯಾಹ್ನದ ಸಭೆಯಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು, ಗಿರಣಿಯ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಅವಳು ಎದ್ದು ನಿಂತಳು. ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಟ್ಟಳು: ಕೂತಲ್ಲೇ ಕೇಳಿ ಎಂದವಳು ನಾನು, ತಪ್ಪು ನನ್ನದು. ಆಮೇಲೆ ಮಗ್ಗದ ವಿಷಯ, ಅಮಾವಾಸ್ಯೆಯ ವಿಷಯ. ದೇವಸಮುದ್ರದ ಪರವಾಗಿ ಬಂದಿದ್ದ ಓಬಳೇಶ, ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು, ತಡೆಯಲಾರದೆ ಎದ್ದ. "ಏನ್ ನ್ಯಾಯ ಮೇಡಂ ಇದು? ನಮ್ಮೋರು ಇದ್ದದ್ದು ಇದ್ದಂಗೆ ಹೇಳಿದ್ರು, ಅವ್ರಿಗೆ ಗಾಡಿ ಇಲ್ಲ. ಅವ್ರು ಸುಳ್ಳು ಹೇಳಿದ್ರು, ಅವ್ರಿಗೆ ಗಾಡಿ."

"ಸುಳ್ಳಲ್ಲ ಓಬಳೇಶಪ್ಪ," ಎಂದಳು. "ನಿಮ್ಮ ಹಟ್ಟೀಲಿ ಕುರಿ ಈಯುವಾಗ ಯಾರಾದ್ರೂ ಬಂದು ಈ ಮರಿ ಬದುಕ್ತೈತಾ ಅಂತ ಕೇಳಿದ್ರೆ ಏನಂತೀರಿ?"

ಓಬಳೇಶ ಗಲ್ಲ ಕೆರೆದುಕೊಂಡ. "ಬದುಕ್ತೈತೆ ಅಂತೀವಿ," ಎಂದ. "ಬ್ಯಾರೆ ಏನನ್ನಾಕಾಗ್ತೈತೆ?" ಪಕ್ಕದವರು ನಕ್ಕರು. ಅವನೂ ನಗುತ್ತ ಕೂತ, ಆದರೆ ಗೊಣಗುವುದನ್ನು ಬಿಡಲಿಲ್ಲ.

ಮಲ್ಲಿಕಾರ್ಜುನಪ್ಪನವರು ಕನ್ನಡಕ ತೆಗೆದು ಒರೆಸಿದರು. ಅವರು ಮಾತಾಡುವ ಮೊದಲು ಹೀಗೆ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬಾರ್ದು. ನಿಮ್ಮ ಈ ವಿಧಾನದಾಗೆ ಲೆಕ್ಕಕ್ಕೆ ಮೊದ್ಲು ನಂಬಿಕೆ ಹಾಕ್ಬೇಕಂತೆ. ನಾನೂ ವಿಚಾರಿಸ್ದೆ. ನಿಮ್ಮ ನಂಬಿಕೆ ಏನು ಅಂತ ಇಲ್ಲಿ ಯಾರಿಗ್ ಗೊತ್ತಿಲ್ಲ? ಅಕ್ಕ ಹೋದ್ರು, ಪಾಪ, ದೊಡ್ಡ ದುಃಖ. ನಂಬಿಕೆ ಹಾಕಿದ್ರಿ, ನಂಬಿಕೆ ಬಂತು. ನಂಬಿಕೇನ ದೇವರ ಮನೇಲಿ ಇಡಬೇಕು ತಾಯಿ. ಲೆಕ್ಕದಾಗಲ್ಲ."

ಅಕ್ಕನ ಮಾತು ಈ ಕೋಣೆಯಲ್ಲಿ ಬರಬಹುದೆಂದು ಅವಳು ಎಣಿಸಿರಲಿಲ್ಲ. ಬೂದು ಸೀರೆಯೊಳಗೆ ಬೆವರಿಳಿಯಿತು. ಬೀಳಿಸು ಎಂದು ಕೇಳಿಕೊಂಡಿದ್ದೆ, ಬೀಳಿಸುತ್ತಿದ್ದಾನೆಯೇ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಅವರ ಮಾತನ್ನೇ ಮತ್ತೊಮ್ಮೆ ಮನಸ್ಸಿನಲ್ಲಿ ಕೇಳಿಸಿಕೊಂಡಾಗ, ಹೊಟ್ಟೆಯ ಆಳದಿಂದ ನಗೆಯಂಥದ್ದೊಂದು ಏಳುತ್ತಿರುವುದು ಗೊತ್ತಾಯಿತು.

"ನನ್ನ ನಂಬಿಕೆ ಹಾಕ್ಲಿಲ್ಲ ಅಧ್ಯಕ್ಷರೆ," ಎಂದಳು. "ನಿಮ್ಮದು ಹಾಕ್ದೆ."

"ನನ್ನದಾ?"

"ಮಗ್ಗದ ಮೇಲೆ ಕೂತ್ರೇನು, ಮಂಚದ ಮೇಲೆ ಕೂತ್ರೇನು, ಸೊಂಟ ಒಂದೇ ಅಂದ್ರಲ್ಲ ಅವತ್ತು. ಅದನ್ನೇ ಹಾಕ್ದೆ. ಗಟ್ಟಿಯಾಗಿ ಹಾಕ್ದೆ. ನಿಮ್ಮ ನಂಬಿಕೆ ಇಟ್ಕೊಂಡೇ ಉತ್ತರಗಳನ್ನೆಲ್ಲ ಓದಿದ್ವಿ. ಓದ್ತಾ ಓದ್ತಾ ನಿಮ್ಮ ನಂಬಿಕೇನೇ ಎದ್ದು ನೇಕಾರರ ಬೀದಿಗೆ ಹೋಯ್ತು. ನಾನು ಕಳಿಸಿದ್ದಲ್ಲ."

ಮಲ್ಲಿಕಾರ್ಜುನಪ್ಪನವರು ಮುಬಷೀರನ ಕಡೆ ತಿರುಗಿದರು. "ನಿಜಾನೇನಯ್ಯಾ?"

"ಖುದಾ ಕಸಮ್ ಸಾರ್. ನಾನು ಬೇಡ ಬೇಡ ಅಂತ ಜಗಳ ಆಡ್ದೆ. ಮೇಡಂ ಮೂರು ದಿನ ನನ್ನ ಹತ್ರ ಮಾತೇ ಆಡ್ಲಿಲ್ಲ. ನಿಮ್ಮ ಮಾತೇ ಹಾಕಿಸಿದ್ರು."

ಎಲ್ಲಿಂದಲೋ ಒಬ್ಬರು ಚಪ್ಪಾಳೆ ತಟ್ಟಿದರು, ಅದು ಓಬಳೇಶ. ಅಧ್ಯಕ್ಷರ ಮುಖ ಮೊದಲು ಕೆಂಪಾಯಿತು, ಆಮೇಲೆ ಮೀಸೆ ಅಲುಗಿತು, ಆಮೇಲೆ ಕುರ್ಚಿಯೇ ಅಲುಗುವ ಹಾಗೆ ನಕ್ಕರು. "ನನ್ನ ಎತ್ತಿನ್ ಮೇಲೇ ನಿಮ್ಮ ಮೂಟೆ ಹೇರ್ಕೊಂಡು ಹೋದ್ರಲ್ಲಪ್ಪಾ! ಆಯ್ತಮ್ಮ. ಗಾಡಿ ಗುರುವಾರ ಮೊಳಕಾಲ್ಮೂರಿಗೇ ಹೋಗ್ಲಿ. ಬರ್ಕೊಳ್ರಿ." ಬಾಗಿಲ ಬಳಿ ಓಬಳೇಶ ಅವಳನ್ನು ತಡೆದು, "ನಮ್ಮೂರಿಗೂ ಬಂದು ಇನ್ನೊಂದು ಸಲ ಕೇಳ್ರಿ ಮೇಡಂ, ಹಟ್ಟಿ ಹತ್ರ ಮಾತ್ರ ಕೇಳಬೇಡ್ರಿ. ಇನ್ನೊಂದು ಗಾಡಿ ಇವ್ರ ಕೈಲಿ ಕೊಡ್ಸದೇ ಬಿಡಲ್ಲ ನಾನು," ಎಂದ. ಬರುತ್ತೇನೆಂದಳು. ಮನಸ್ಸಾರೆ ಅಂದಳು.

ಫೋನು ಮಾಡಬಹುದಿತ್ತು. ಮಾಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಸುದ್ದಿಯನ್ನು ಬಾಯೊಳಗೇ ಇಟ್ಟುಕೊಂಡು, ಕಡಲೆ ತಿನ್ನುವ ಮಕ್ಕಳನ್ನೂ ಬಂಡೆಗಳ ಮೇಲಿನ ಇಳಿಬಿಸಿಲನ್ನೂ ನೋಡುತ್ತ ಬಂದಳು. ಸಿದ್ಧೇಶ್ವರನ ಬೆಟ್ಟ ಕಂಡಾಗ ಎದ್ದು ನಿಂತೇ ಕೈಮುಗಿದಳು. ಬೀದಿಯ ಬಾಯಿಗೆ ಬರುವಾಗ ಎಲ್ಲ ಮನೆಗಳಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಕಾಲೇಜಿನಲ್ಲಿ ಅಷ್ಟು ವರ್ಷ ಪಾಠ ಹೇಳಿದ ಗಂಟಲನ್ನು ಅವಳು ಬೀದಿಯಲ್ಲಿ ಎಂದೂ ಎತ್ತಿದವಳಲ್ಲ. ಈಗ ನಡುಬೀದಿಯಲ್ಲಿ ನಿಂತು ಕೂಗಿದಳು: "ಗಾಡಿ ಎಲ್ಲೂ ಹೋಗಲ್ಲ ಕಣ್ರೇ! ಗುರುವಾರ ಬರ್ತೈತೆ! ನಮ್ಮ ಬೀದಿಗೇ ಬರ್ತೈತೆ!"

ಹತ್ತಿರದ ಮಗ್ಗವೊಂದು ನಿಂತಿತು. ಅದರ ಪಕ್ಕದ್ದು ನಿಂತಿತು. ಸದ್ದು ಬೀದಿಯುದ್ದಕ್ಕೂ ಮನೆಯಿಂದ ಮನೆಗೆ ಆರುತ್ತ ಹೋಗಿ, ಹೆಂಗಸರು ಗಂಡಸರು ಕೈ ಒರೆಸಿಕೊಳ್ಳುತ್ತ, ಗೋಡೆ ಹಿಡಿದು ಸೊಂಟ ಬಿಡಿಸಿಕೊಳ್ಳುತ್ತ ಹೊಸ್ತಿಲು ದಾಟಿ ಬಂದರು. ಬಂದವರು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ನನ್ನ ಕಣ್ಣು ಮಂಜು. ನನ್ನ ಭುಜ ಏಳಲ್ಲ. ನಂದು ಬೆನ್ನು, ನಂದು ಎರಡೂ ಮಂಡಿ, ನಿಂದೇನು ಮಹಾ ನಂದು ನೋಡು. ಬೋರಕ್ಕ ಸೀರೆಯನ್ನು ಮಂಡಿಯ ತನಕ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದಳು. ತೇಜಶ್ರೀ ನಗುತ್ತ ನಗುತ್ತ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಯ್ಯೋ ಅನ್ನುತ್ತಿದ್ದಳು. ಇಷ್ಟೊಂದು ನೋವನ್ನು ಇಷ್ಟು ಸಂಭ್ರಮದಿಂದ ಹೇಳಿಕೊಳ್ಳುವುದನ್ನು ಸುಲೋಚನಮ್ಮ ಎಲ್ಲೂ ಕಂಡಿರಲಿಲ್ಲ. ಒಂದೊಂದು ನರಳಿಕೆಯೂ ಅವಳ ಕಿವಿಗೆ ಮಂಗಳಾರತಿಯ ಗಂಟೆಯಾಗಿ ಕೇಳುತ್ತಿತ್ತು.

"ಎಲ್ಲರದೂ ಆಯ್ತು," ಎಂದಳು ಬೋರಕ್ಕ, ಸೀರೆ ಇಳಿಬಿಟ್ಟು. "ನಿಂದು ಹೇಳೇ. ನೀನು ಹೆಂಗಿದೀಯಾ?"

ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಕೇಳುವವಳು ಯಾವಾಗಲೂ ಅವಳೇ ಆಗಿದ್ದಳು. "ಚೆನ್ನಾಗಿಲ್ಲ ಬೋರಕ್ಕ," ಎಂದಳು ಸುಲೋಚನಮ್ಮ, ಗಾಡಿಯ ಸುದ್ದಿ ಕೂಗಿದ ಅದೇ ದೊಡ್ಡ ದನಿಯಲ್ಲಿ. "ಅಕ್ಕ ಹೋದಾಗಿಂದ ಒಂದಿನಾನೂ ಚೆನ್ನಾಗಿಲ್ಲ." ಕಣ್ಣಿಂದ ನೀರು ಧಾರಾಕಾರ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಬೋರಕ್ಕ ಅವಳ ರಟ್ಟೆ ಹಿಡಿದು ಜಗಲಿಗೆ ಎಳೆದು ಕೂರಿಸಿ, ತಾನೂ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕುಸಿದಳು.

"ಅಳು ತಲ್ಲೀ, ಚೆನ್ನಾಗಿ ಅಳು. ಗುರುವಾರ ನೀನೂ ಬಂದು ಸಾಲಿನಾಗೆ ನಿಂತ್ಕೋ," ಎಂದಳು. "ಆದ್ರೆ ನನ್ನ ಹಿಂದೆ. ಗಾಡಿ ತಂದೋಳು ಅಂತ ಮುಂದೆ ನುಗ್ಗಿದ್ರೆ ಬಿಡಾಕಿಲ್ಲ ನೋಡು."